ಯೆಲ್ಲೋಸ್ಟೋನ್‌ನಲ್ಲಿ ಕಾಡುಪ್ರಾಣಿ ನೋಡಲು ಒಂದು ಪೂರ್ತಿ ದಿನ: ಎಲ್ಲಿ, ಯಾವಾಗ, ಹೇಗೆ

"ಯೆಲ್ಲೋಸ್ಟೋನ್‌ಗೆ ಹೋಗಿ ಬಂದೆವು, ಬೈಸನ್ ಬಿಟ್ಟು ಬೇರೇನೂ ಸಿಗಲಿಲ್ಲ. ತೋಳ, ಕರಡಿ ಎಲ್ಲಿ ಕಾಣುತ್ತವೆ?" ಯೆಲ್ಲೋಸ್ಟೋನ್ ಅಮೆರಿಕದ ಒಂದು ರಾಷ್ಟ್ರೀಯ ಉದ್ಯಾನ, ಬೈಸನ್ ಅಲ್ಲಿನ ದೊಡ್ಡ ಕಾಡುಕೋಣ. ರಜೆ ಹತ್ತಿರ ಬಂದಾಗಲೆಲ್ಲ ಓದುಗರು ಇದನ್ನೇ ಕೇಳುತ್ತಾರೆ. ಅವರು ದಿನ ಹೇಗೆ ಕಳೆದರು ಅಂತ ವಿಚಾರಿಸಿದರೆ ಉತ್ತರ ಅಲ್ಲೇ ಇರುತ್ತದೆ. ಒಂಬತ್ತು ಗಂಟೆಗೆ ಹೋಟೆಲ್ ಬಿಟ್ಟಿರುತ್ತಾರೆ. ಓಲ್ಡ್ ಫೇತ್‌ಫುಲ್ ಬುಗ್ಗೆ ಚಿಮ್ಮುವುದನ್ನು ನೋಡಿ, ಬಣ್ಣದ ಬಿಸಿನೀರಿನ ಕೊಳ ನೋಡಿ, ಜಲಪಾತ ನೋಡಿ, ಪ್ರಾಣಿಗಳು ದಾರಿಯಲ್ಲಿ ಸಿಕ್ಕರೆ ಸಿಗಲಿ ಅಂತ ಹೊರಟಿರುತ್ತಾರೆ. ಆ ಹೊತ್ತಿನಲ್ಲಿ, ಆ ದಾರಿಯಲ್ಲಿ ಅವು ಸಿಗುವುದು ಕಡಿಮೆ.

ನನ್ನ ಸಲಹೆ ಇಷ್ಟೇ. ಪ್ರಾಣಿಗಳಿಗೆ ಅಂತಲೇ ಒಂದು ದಿನ ಎತ್ತಿಡಿ. ಒಂದೇ ಕಣಿವೆ ಆರಿಸಿಕೊಳ್ಳಿ. ಬೆಳಕು ಹರಿಯುವ ಮುಂಚೆ ಅಲ್ಲಿರಿ. ಆಮೇಲೆ ಓಡಾಡಬೇಡಿ, ನಿಂತು ನೋಡಿ. ಬುಗ್ಗೆಗಳು ನಾಳೆಯೂ ಅಲ್ಲೇ ಇರುತ್ತವೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಂಡೀಪುರ, ನಾಗರಹೊಳೆಯಲ್ಲಿ ಸಫಾರಿ ವಾಹನ ನಿಮ್ಮನ್ನು ಕರೆದೊಯ್ಯುತ್ತದೆ, ಪ್ರಾಣಿ ಹುಡುಕುವ ಕೆಲಸ ಚಾಲಕರದ್ದು. ಇಲ್ಲಿ ಕಾರು ನಿಮ್ಮದು, ಕಣ್ಣೂ ನಿಮ್ಮದು, ಸುರಕ್ಷತೆಯ ಹೊಣೆಯೂ ನಿಮ್ಮದೇ. ಹಾಗಾಗಿ ಸ್ವಲ್ಪ ತಯಾರಿ ಬೇಕು.

1. ತಿಂಗಳು ಆರಿಸಿಕೊಳ್ಳಿ

ಮೇ ಮಧ್ಯದಿಂದ ಜೂನ್ ಮಧ್ಯದವರೆಗಿನ ದಿನಗಳು ನನ್ನ ಮೊದಲ ಆಯ್ಕೆ. ಎತ್ತರದ ಬೆಟ್ಟಗಳಲ್ಲಿ ಆಗ ಇನ್ನೂ ಹಿಮ ಇರುತ್ತದೆ. ಹಸಿರು ಹುಲ್ಲು ಇರುವುದು ಕಣಿವೆಯಲ್ಲಿ ಮಾತ್ರ, ಆದ್ದರಿಂದ ಪ್ರಾಣಿಗಳೂ ಕೆಳಗೇ ಇರುತ್ತವೆ. ಬೈಸನ್ ಕರುಗಳು ಹುಟ್ಟಿರುತ್ತವೆ. ಅವು ಕಿತ್ತಳೆ ಬಣ್ಣಕ್ಕಿರುವುದರಿಂದ ದೂರದಿಂದಲೇ ಕಾಣುತ್ತವೆ. ಎಲ್ಕ್ ಎನ್ನುವುದು ಇಲ್ಲಿನ ದೊಡ್ಡ ಜಿಂಕೆ ಜಾತಿ. ಅದು ಮರಿ ಹಾಕುವ ಕಾಲವೂ ಇದೇ. ಆ ಮರಿಗಳನ್ನು ಹುಡುಕಿಕೊಂಡು ಕರಡಿ, ತೋಳ ಬಯಲಿಗೆ ಬರುತ್ತವೆ.

ಜುಲೈ, ಆಗಸ್ಟ್‌ನಲ್ಲಿ ಮಕ್ಕಳಿಗೆ ರಜೆ, ಹಾಗಾಗಿ ಜನ ಜಾಸ್ತಿ. ಬಿಸಿಲು ಏರಿದಂತೆ ಎಲ್ಕ್‌ಗಳು ಮೇಲಿನ ಹುಲ್ಲುಗಾವಲಿಗೆ ಹೋಗುತ್ತವೆ, ಅವುಗಳ ಹಿಂದೆ ತೋಳಗಳೂ ಹೋಗುತ್ತವೆ. ಆದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಬೈಸನ್‌ಗಳ ಬೆದೆಯ ಕಾಲ. ನೂರಾರು ಬೈಸನ್ ಒಂದೇ ಬಯಲಿನಲ್ಲಿ ಸೇರುತ್ತವೆ. ಗಂಡುಗಳ ಗುಡುಗಿನಂಥ ಕೂಗು ಮೈಲಿ ದೂರಕ್ಕೆ ಕೇಳುತ್ತದೆ. ಅದೊಂದನ್ನು ನೋಡಲೆಂದೇ ಬೇಸಿಗೆಯಲ್ಲಿ ಹೋಗಬಹುದು.

ಸೆಪ್ಟೆಂಬರ್, ಅಕ್ಟೋಬರ್ ಎಲ್ಕ್‌ಗಳ ಬೆದೆಯ ಕಾಲ. ಮ್ಯಾಮತ್ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಅವು ಕಟ್ಟಡಗಳ ನಡುವೆಯೇ ಓಡಾಡುತ್ತವೆ. ಚಳಿಗಾಲದಲ್ಲಿ ಬಿಳಿ ಹಿಮದ ಮೇಲೆ ತೋಳ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಕಾರಿನಲ್ಲಿ ಹೋಗಲು ವರ್ಷವಿಡೀ ತೆರೆದಿರುವುದು ಉತ್ತರದ ಗಾರ್ಡಿನರ್‌ನಿಂದ ಈಶಾನ್ಯದ ಕುಕ್ ಸಿಟಿವರೆಗಿನ ರಸ್ತೆ ಒಂದೇ. ಉಳಿದ ರಸ್ತೆಗಳು ನವೆಂಬರ್ ಆರಂಭದಲ್ಲಿ ಮುಚ್ಚಿದರೆ ಏಪ್ರಿಲ್ ಮಧ್ಯದ ನಂತರ ಒಂದೊಂದಾಗಿ ತೆರೆಯುತ್ತವೆ. ಹಿಮದಲ್ಲಿ ಕಾರು ಓಡಿಸಿ ಅಭ್ಯಾಸ ಇಲ್ಲದವರು ಚಳಿಗಾಲವನ್ನು ಬಿಟ್ಟುಬಿಡಿ.

2. ಕಣಿವೆ ಒಂದೇ ಇರಲಿ, ಉಳಿಯುವ ಜಾಗ ಅದರ ಹತ್ತಿರ ಇರಲಿ

ಉದ್ಯಾನದ ವಿಸ್ತೀರ್ಣ ಸುಮಾರು 8,980 ಚದರ ಕಿಲೋಮೀಟರ್. ಜಾಸ್ತಿ ಭಾಗ ವಯೋಮಿಂಗ್ ರಾಜ್ಯದಲ್ಲಿದೆ, ಅಂಚುಗಳು ಮೊಂಟಾನಾ ಮತ್ತು ಐಡಹೊಗೆ ಚಾಚಿವೆ. ಇಷ್ಟು ದೊಡ್ಡ ಜಾಗವನ್ನು ಒಂದು ದಿನದಲ್ಲಿ ಸುತ್ತಿ ಪ್ರಾಣಿ ಹುಡುಕುತ್ತೇನೆ ಅಂದರೆ ಆಗದ ಮಾತು. ಪ್ರಾಣಿ ನೋಡುವವರು ಹೇಳುವ ಹೆಸರುಗಳು ಮುಖ್ಯವಾಗಿ ಎರಡು.

ಲಮಾರ್ ಕಣಿವೆ ಈಶಾನ್ಯ ಮೂಲೆಯಲ್ಲಿದೆ. ಅಗಲವಾದ ಬಯಲು, ನಡುವೆ ನದಿ, ಆಚೆ ಬೆಟ್ಟದ ಸಾಲು. ಮರ ಕಡಿಮೆ ಇರುವುದರಿಂದ ನೋಟಕ್ಕೆ ಅಡ್ಡಿ ಇಲ್ಲ. ತೋಳ ನೋಡಬೇಕೆಂದರೆ ಇಲ್ಲಿಗೇ ಬನ್ನಿ. ಯೆಲ್ಲೋಸ್ಟೋನ್‌ನ ತೋಳಗಳನ್ನು 1926ರ ಹೊತ್ತಿಗೆ ಪೂರ್ತಿ ಕೊಂದು ಮುಗಿಸಿದ್ದರು. 1995 ಮತ್ತು 1996ರಲ್ಲಿ ಕೆನಡಾದಿಂದ 31 ತೋಳಗಳನ್ನು ತಂದು ಬಿಟ್ಟರು. 1995ರಲ್ಲಿ ಬಂದವನ್ನು ಮೊದಲು ಇರಿಸಿದ ಆವರಣಗಳು ಈ ಉತ್ತರ ಭಾಗದಲ್ಲೇ ಇದ್ದವು. ಲಮಾರ್ ಮತ್ತು ಪಕ್ಕದ ಸ್ಲೂ ಕ್ರೀಕ್ ಇವತ್ತಿಗೂ ತೋಳ ಕಾಣಲು ಬಲು ಒಳ್ಳೆಯ ಜಾಗಗಳು.

ಹೇಡನ್ ಕಣಿವೆ ಉದ್ಯಾನದ ಮಧ್ಯದಲ್ಲಿದೆ, ಕ್ಯಾನ್ಯನ್ ವಿಲೇಜ್ ಮತ್ತು ಫಿಶಿಂಗ್ ಬ್ರಿಜ್ ನಡುವೆ. ಗ್ರಿಜ್ಲಿ ಕರಡಿ, ಬೈಸನ್ ಹಿಂಡು, ಯೆಲ್ಲೋಸ್ಟೋನ್ ನದಿಯಲ್ಲಿ ಪೆಲಿಕನ್, ಹಂಸ, ಕೊಕ್ಕರೆಗಳಿಗೆ ಇದು ಚೆನ್ನ. ಬೆಳಗಿನ ಹೊತ್ತು ನದಿಯಿಂದ ಮಂಜು ಏಳುವುದರಿಂದ ಕೆಲವು ದಿನ ಬಿಸಿಲು ಬರುವ ತನಕ ಏನೂ ಕಾಣುವುದಿಲ್ಲ.

ಮೊದಲ ಸಲ ಹೋಗುವವರಿಗೆ ನಾನು ಲಮಾರ್ ಅನ್ನುತ್ತೇನೆ.

ಜನ ಎಡವುವುದು ಉಳಿಯುವ ಜಾಗದ ವಿಷಯದಲ್ಲಿ. ಹೋಟೆಲ್ ಜಾಸ್ತಿ ಇವೆ ಅಂತ ವೆಸ್ಟ್ ಯೆಲ್ಲೋಸ್ಟೋನ್ ಊರಿನಲ್ಲಿ ಕೋಣೆ ಹಿಡಿಯುತ್ತಾರೆ. ಅಲ್ಲಿಂದ ಲಮಾರ್‌ಗೆ ಎರಡು ಗಂಟೆಗಿಂತ ಜಾಸ್ತಿ ದಾರಿ. ಸೂರ್ಯೋದಯಕ್ಕೆ ಅಲ್ಲಿರಬೇಕೆಂದರೆ ನಡುರಾತ್ರಿ ಕಳೆದು ಸ್ವಲ್ಪ ಹೊತ್ತಿಗೇ ಏಳಬೇಕು, ಕತ್ತಲಲ್ಲಿ ಕಾಡು ದಾರಿಯಲ್ಲಿ ಓಡಿಸಬೇಕು. ಎರಡೂ ಬೇಡ. ಲಮಾರ್‌ಗೆ ಹೋಗುವವರು ಗಾರ್ಡಿನರ್, ಕುಕ್ ಸಿಟಿ, ಸಿಲ್ವರ್ ಗೇಟ್ ಊರುಗಳಲ್ಲಿ ಉಳಿಯಿರಿ, ಇಲ್ಲವೇ ಉದ್ಯಾನದ ಒಳಗೆ ಮ್ಯಾಮತ್ ಅಥವಾ ಟವರ್ ಜಂಕ್ಷನ್ ಬಳಿಯ ರೂಸ್‌ವೆಲ್ಟ್ ಲಾಡ್ಜ್ ನೋಡಿ. ಗಾರ್ಡಿನರ್‌ನಿಂದ ಸುಮಾರು ಒಂದು ಗಂಟೆ, ಕುಕ್ ಸಿಟಿಯಿಂದ ಅರ್ಧ ಗಂಟೆಯ ದಾರಿ. ಹೇಡನ್‌ಗಾದರೆ ಕ್ಯಾನ್ಯನ್ ವಿಲೇಜ್ ಅಥವಾ ಯೆಲ್ಲೋಸ್ಟೋನ್ ಸರೋವರದ ಪಕ್ಕದ ಲಾಡ್ಜ್. ಒಳಗಿನ ಕೋಣೆಗಳು ತಿಂಗಳುಗಟ್ಟಲೆ ಮುಂಚೆಯೇ ತುಂಬಿಹೋಗುತ್ತವೆ. ದಿನಾಂಕ ಗೊತ್ತಾದ ಕೂಡಲೇ ಕಾದಿರಿಸಿ.

ಪ್ರವೇಶ ಶುಲ್ಕ ಒಂದು ಖಾಸಗಿ ಕಾರಿಗೆ 35 ಡಾಲರ್, 7 ದಿನ ನಡೆಯುತ್ತದೆ. ಊರಿನಿಂದ ಅಪ್ಪ ಅಮ್ಮ ಬಂದಿದ್ದಾರೆ, ಅವರನ್ನೂ ಕರೆದೊಯ್ಯುತ್ತೇವೆ ಅನ್ನುವವರು ಗಮನಿಸಿ: 2026ರ ಜನವರಿಯಿಂದ ಯೆಲ್ಲೋಸ್ಟೋನ್ ಸೇರಿ 11 ಉದ್ಯಾನಗಳಲ್ಲಿ ಅಮೆರಿಕದ ನಿವಾಸಿಗಳಲ್ಲದ, 16 ವರ್ಷ ಮತ್ತು ಮೇಲಿನವರಿಗೆ ತಲಾ 100 ಡಾಲರ್ ಹೆಚ್ಚುವರಿ ಶುಲ್ಕ ಜಾರಿಗೆ ಬಂದಿದೆ. ನಿವಾಸಿಗಳು ಸರ್ಕಾರ ಕೊಟ್ಟ ಗುರುತಿನ ಚೀಟಿ ಜೊತೆಗೆ ಇಟ್ಟುಕೊಳ್ಳಿ. ಹೊರಡುವ ವಾರ ಉದ್ಯಾನದ ಅಧಿಕೃತ ಜಾಲತಾಣದಲ್ಲಿ ಶುಲ್ಕ ಮತ್ತು ರಸ್ತೆ ಸ್ಥಿತಿ ಎರಡನ್ನೂ ನೋಡಿಕೊಳ್ಳಿ.

3. ಸಾಮಾನು: ಕಡಿಮೆ ಇರಲಿ, ಸರಿಯಾದದ್ದಿರಲಿ

ಬೈನಾಕ್ಯುಲರ್ ಇಲ್ಲದೆ ಹೋಗಬೇಡಿ. ಕ್ಯಾಮೆರಾಗೆ ಸಾವಿರಾರು ಡಾಲರ್ ಸುರಿದು, ಬೈನಾಕ್ಯುಲರ್ ಇಲ್ಲದೆ ಬರುವವರನ್ನು ನೋಡಿದರೆ ನನಗೆ ಬೇಸರವಾಗುತ್ತದೆ. ಇಲ್ಲಿ ಪ್ರಾಣಿಗಳು ಒಂದು ಮೈಲಿ ಆಚೆ ಇರುವುದು ಮಾಮೂಲು. 8x42 ಅಥವಾ 10x42 ಅಂತ ಬರೆದಿರುವುದನ್ನು ತೆಗೆದುಕೊಳ್ಳಿ. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ಗಾಜು ಅಗಲ ಇದ್ದಷ್ಟೂ ಮುಂಜಾನೆಯ ಮಬ್ಬಿನಲ್ಲಿ ಬೆಳಕು ಜಾಸ್ತಿ ಸಿಗುತ್ತದೆ. ಜೇಬಿನಲ್ಲಿ ಹಿಡಿಯುವ ಪುಟ್ಟವು ನಡುಮಧ್ಯಾಹ್ನಕ್ಕೆ ಸರಿ, ಪ್ರಾಣಿಗಳು ಓಡಾಡುವ ಹೊತ್ತಿಗೆ ಸಾಲವು. ಕೈ ನಡುಗುವವರಿಗೆ, ಮಕ್ಕಳಿಗೆ 8 ಪಟ್ಟೇ ಒಳ್ಳೆಯದು. 12, 16 ಪಟ್ಟಿನದನ್ನು ಬರಿಗೈಯಲ್ಲಿ ಹಿಡಿದರೆ ಚಿತ್ರ ನಿಲ್ಲುವುದೇ ಇಲ್ಲ.

ಅದನ್ನು ನಿಮ್ಮ ಕಣ್ಣಿಗೆ ಹೊಂದಿಸುವುದನ್ನು ಮನೆಯಲ್ಲೇ ಕಲಿತುಕೊಳ್ಳಿ. ಬಲಗಣ್ಣು ಮುಚ್ಚಿ, ಮಧ್ಯದ ಚಕ್ರ ತಿರುಗಿಸಿ ದೂರದ ಒಂದು ಬೋರ್ಡು ಎಡಗಣ್ಣಿಗೆ ಸ್ಪಷ್ಟವಾಗುವಂತೆ ಮಾಡಿ. ಈಗ ಎಡಗಣ್ಣು ಮುಚ್ಚಿ. ಮಧ್ಯದ ಚಕ್ರ ಮುಟ್ಟಬೇಡಿ. ಬಲಗಣ್ಣಿನ ಕಡೆ ಇರುವ ಉಂಗುರ ತಿರುಗಿಸಿ ಅದೇ ಬೋರ್ಡನ್ನು ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಮಧ್ಯದ ಚಕ್ರ ಒಂದೇ ಸಾಕು. ಕನ್ನಡಕ ಹಾಕುವವರು ಕಣ್ಣಿನ ಕಡೆಯ ರಬ್ಬರ್ ಬಟ್ಟಲನ್ನು ಒಳಕ್ಕೆ ತಿರುಗಿಸಿ, ಇಲ್ಲದಿದ್ದರೆ ಸುತ್ತ ಕಪ್ಪು ವೃತ್ತ ಕಾಣುತ್ತದೆ. ಈ ಎರಡು ನಿಮಿಷದ ಕೆಲಸ ಮಾಡದೆ "ಇದರಲ್ಲಿ ಏನೂ ಸರಿಯಾಗಿ ಕಾಣೋದಿಲ್ಲ" ಅನ್ನುವವರೇ ಜಾಸ್ತಿ. ಮನೆಮಂದಿಗೆಲ್ಲ ಸೇರಿ ಒಂದೇ ಇದ್ದರೆ ಜಗಳ ಖಂಡಿತ, ಕಡೇ ಪಕ್ಷ ಎರಡಿರಲಿ.

ಸ್ಪಾಟಿಂಗ್ ಸ್ಕೋಪ್ ಅಂದರೆ ಸ್ಟ್ಯಾಂಡ್ ಮೇಲೆ ಕೂರಿಸುವ ಒಂಟಿ ಕಣ್ಣಿನ ದೂರದರ್ಶಕ, 20ರಿಂದ 60 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ತೋಳ ನೋಡಲು ಇದು ತುಂಬ ಉಪಯೋಗ. ಕೊಳ್ಳಬೇಕಿಲ್ಲ, ಗಡಿಯ ಊರುಗಳಲ್ಲಿ ದಿನದ ಬಾಡಿಗೆಗೆ ಸಿಗುತ್ತದೆ.

ಬೇರ್ ಸ್ಪ್ರೇ ಅಂದರೆ ಮೈಮೇಲೆ ಬರುವ ಕರಡಿಯ ಮುಖಕ್ಕೆ ಹೊಡೆಯುವ ಖಾರದ ದ್ರಾವಣದ ಡಬ್ಬಿ. ಕಾರಿನಿಂದ ದೂರ ಸ್ವಲ್ಪವೇ ನಡೆಯುವುದಿದ್ದರೂ ಸೊಂಟದಲ್ಲಿರಲಿ. ಬ್ಯಾಗಿನ ಒಳಗಿದ್ದರೆ ಪ್ರಯೋಜನ ಇಲ್ಲ. ಸೊಳ್ಳೆ ಔಷಧದಂತೆ ಮೈಗೆ, ಬಟ್ಟೆಗೆ ಹಚ್ಚಿಕೊಳ್ಳುವ ವಸ್ತು ಇದಲ್ಲ. ವಿಮಾನದಲ್ಲಿ ಕೈಚೀಲದಲ್ಲೂ ಬಿಡುವುದಿಲ್ಲ, ಲಗೇಜಿನಲ್ಲೂ ಬಿಡುವುದಿಲ್ಲ. ಹಾಗಾಗಿ ಅಲ್ಲೇ ಕೊಳ್ಳಿ ಅಥವಾ ಬಾಡಿಗೆಗೆ ಪಡೆಯಿರಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟು ಹೋಗಬೇಡಿ, ಡಬ್ಬಿ ಸಿಡಿಯಬಹುದು.

ಇನ್ನು ಬಟ್ಟೆ. ಲಮಾರ್ ಸಮುದ್ರಮಟ್ಟದಿಂದ ಸುಮಾರು 2,000 ಮೀಟರ್ ಎತ್ತರದಲ್ಲಿದೆ, ಹೇಡನ್ ಇನ್ನೂ ಎತ್ತರ. ಜುಲೈನಲ್ಲೂ ಬೆಳಗಿನ ಜಾವ ಸೊನ್ನೆ ಡಿಗ್ರಿ ಹತ್ತಿರಕ್ಕೆ ಇಳಿಯುವುದುಂಟು. ಟೋಪಿ, ಕೈಗವಸು, ಒಂದರ ಮೇಲೊಂದು ಹಾಕಿ ತೆಗೆಯಬಹುದಾದ ಬಟ್ಟೆಗಳು ಇರಲಿ. ಚಳಿಗೆ ಮೊದಲು ಸೋಲುವವರು ಮಕ್ಕಳು. ಅವರು "ವಾಪಸ್ ಹೋಗೋಣ" ಅಂದರೆ ದಿನ ಅಲ್ಲಿಗೇ ಮುಗಿಯಿತು.

4. ಹಿಂದಿನ ಸಂಜೆ ಮುಗಿಸಬೇಕಾದ್ದು

ಪೆಟ್ರೋಲ್ ತುಂಬಿಸಿ. ಲಮಾರ್ ಕಣಿವೆಯಲ್ಲಿ ಬಂಕ್ ಇಲ್ಲ, ಅಂಗಡಿ ಇಲ್ಲ. ಮೊಬೈಲ್ ಸಿಗ್ನಲ್ಲೂ ಇಲ್ಲ ಅಂತಲೇ ಅಂದುಕೊಳ್ಳಿ. ರಾಷ್ಟ್ರೀಯ ಉದ್ಯಾನ ಸೇವೆಯ ಆ್ಯಪ್‌ನಲ್ಲಿ ಯೆಲ್ಲೋಸ್ಟೋನ್ ಭಾಗವನ್ನು ಫೋನಿಗೆ ಇಳಿಸಿಕೊಳ್ಳಿ, ಗೇಟಿನಲ್ಲಿ ಕೊಡುವ ಕಾಗದದ ನಕ್ಷೆಯನ್ನೂ ಇಟ್ಟುಕೊಳ್ಳಿ. ತಿಂಡಿ, ಊಟ, ನೀರು ಹಿಂದಿನ ದಿನವೇ ಕಟ್ಟಿಕೊಂಡುಬಿಡಿ.

ಸಂದರ್ಶಕರ ಕೇಂದ್ರ ತೆರೆದಿದ್ದರೆ ರೇಂಜರ್ ಹತ್ತಿರ ಹೋಗಿ ಎರಡು ಪ್ರಶ್ನೆ ಕೇಳಿ: ಈ ವಾರ ಯಾವ ಕಡೆ ಪ್ರಾಣಿಗಳು ಕಾಣುತ್ತಿವೆ, ಯಾವ ಜಾಗ ಮುಚ್ಚಿದೆ. ತೋಳದ ಗುಹೆ ಇರುವ ಕಡೆ, ಸತ್ತ ಪ್ರಾಣಿಯನ್ನು ಕರಡಿ ತಿನ್ನುತ್ತಿರುವ ಕಡೆ ಜನರನ್ನು ಬಿಡುವುದಿಲ್ಲ. ಜಾಗ ಮುಚ್ಚಿದೆ ಎಂಬ ಫಲಕ ಕಂಡರೆ ಅಲ್ಲಿಗೇ ನಿಲ್ಲಿ.

5. ಬೆಳಕು ಹರಿಯುವ ಮುಂಚೆ ಜಾಗ ಸೇರಿ

ಜೂನ್‌ನಲ್ಲಿ ಸೂರ್ಯ ಹುಟ್ಟುವುದು ಸುಮಾರು 5:30ಕ್ಕೆ. ಅದಕ್ಕೆ ಅರ್ಧ ಗಂಟೆ ಮುಂಚೆ ನೀವು ಕಣಿವೆಯಲ್ಲಿ ಕಾರು ನಿಲ್ಲಿಸಿರಬೇಕು. ಸೆಪ್ಟೆಂಬರ್ ಕೊನೆಯಲ್ಲಾದರೆ ಸೂರ್ಯೋದಯ 7 ಗಂಟೆ ದಾಟುತ್ತದೆ, ಸ್ವಲ್ಪ ನಿದ್ದೆ ಮಾಡಬಹುದು.

ಇಷ್ಟು ಬೇಗ ಯಾಕೆ? ತೋಳ, ಕರಡಿ, ಎಲ್ಕ್ ಎಲ್ಲವೂ ಮುಂಜಾನೆ ಮತ್ತು ಮುಸ್ಸಂಜೆಯ ತಂಪಿನಲ್ಲೇ ಹೆಚ್ಚಾಗಿ ಓಡಾಡುತ್ತವೆ. ದಪ್ಪ ತುಪ್ಪಳ ಹೊತ್ತ ಪ್ರಾಣಿಗೆ ಬಿಸಿಲು ಹಿಂಸೆ. ಬಿಸಿಲೇರಿದರೆ ಮರದ ನೆರಳಿಗೆ ಹೋಗಿ ಮಲಗುತ್ತದೆ. ಎರಡನೇ ಕಾರಣ ನಿಮ್ಮ ಕಣ್ಣಿಗೆ ಸಂಬಂಧಿಸಿದ್ದು. ನೆಲ ಕಾಯತೊಡಗಿದ ಮೇಲೆ ಗಾಳಿ ಅಲುಗಾಡುತ್ತದೆ, ದೂರದ್ದೆಲ್ಲ ನೀರಿನೊಳಗಿಂದ ನೋಡಿದಂತೆ ತೇಲಾಡುತ್ತದೆ. ಎಷ್ಟು ಒಳ್ಳೆಯ ಸ್ಕೋಪ್ ಇದ್ದರೂ ಆಗ ಒಂದು ಮೈಲಿ ಆಚೆಯ ತೋಳ ಬರೀ ಚುಕ್ಕೆ.

ದಾರಿಯಲ್ಲಿ ನಿಧಾನ. ಉದ್ಯಾನದಲ್ಲಿ ಗರಿಷ್ಠ ವೇಗ ಗಂಟೆಗೆ 45 ಮೈಲಿ. ಕತ್ತಲಲ್ಲಿ ಅದೂ ಜಾಸ್ತಿಯೇ. ಬೈಸನ್ ಮೈ ಕಡುಕಂದು. ರಸ್ತೆ ಮಧ್ಯೆ ನಿಂತಿದ್ದರೆ ತೀರಾ ಹತ್ತಿರ ಬರುವವರೆಗೂ ಕಾಣುವುದಿಲ್ಲ.

ಕಾರು ನಿಲ್ಲಿಸಬೇಕಾದ್ದು ಪುಲ್‌ಔಟ್‌ನಲ್ಲಿ, ಅಂದರೆ ರಸ್ತೆ ಬದಿಯಲ್ಲಿ ವಾಹನ ನಿಲ್ಲಿಸಲೆಂದೇ ಬಿಟ್ಟ ಜಾಗದಲ್ಲಿ. ನಾಲ್ಕೂ ಚಕ್ರ ಬಿಳಿ ಗೆರೆಯ ಆಚೆಗಿರಲಿ. ಯಾವ ಪುಲ್‌ಔಟ್ ಅಂತ ಗೊತ್ತಾಗದಿದ್ದರೆ, ಸ್ಕೋಪ್ ಇಟ್ಟುಕೊಂಡು ಜನ ಸಾಲಾಗಿ ನಿಂತಿರುವುದನ್ನು ಹುಡುಕಿ. ಲಮಾರ್‌ನಲ್ಲಿ ವರ್ಷಗಟ್ಟಲೆಯಿಂದ ತೋಳಗಳನ್ನೇ ನೋಡುತ್ತಿರುವವರು ಇದ್ದಾರೆ. ಮೆಲ್ಲಗೆ ಹೋಗಿ, ಕಾರಿನ ಬಾಗಿಲು ಸದ್ದಾಗದಂತೆ ಮುಚ್ಚಿ, ಏನು ನೋಡುತ್ತಿದ್ದೀರಿ ಅಂತ ಕೇಳಿ. ಹೆಚ್ಚಿನವರು ಖುಷಿಯಿಂದ ಹೇಳುತ್ತಾರೆ, ತಮ್ಮ ಸ್ಕೋಪ್‌ನಲ್ಲೇ ತೋರಿಸುವವರೂ ಉಂಟು. ಸ್ಟ್ಯಾಂಡ್ ಮುಟ್ಟಬೇಡಿ, ಕಣ್ಣು ಮಾತ್ರ ಇಡಿ. ಕೂದಲೆಳೆಯಷ್ಟು ಅಲುಗಿದರೂ ಹುಡುಕಿಟ್ಟ ಪ್ರಾಣಿ ತಪ್ಪಿಹೋಗುತ್ತದೆ. ಮಕ್ಕಳಿಗೂ ಇದನ್ನು ಮೊದಲೇ ಹೇಳಿಕೊಟ್ಟಿರಿ.

6. ನಿಂತು ನೋಡುವ ರೀತಿ

ನನ್ನ ಪ್ರಕಾರ ಇಡೀ ದಿನದ ತಿರುಳು ಇದೇ. ಇದನ್ನೇ ಯಾರೂ ಹೇಳಿಕೊಡುವುದಿಲ್ಲ.

ಬೈನಾಕ್ಯುಲರ್ ಎತ್ತುವ ಮುಂಚೆ ಬರಿಗಣ್ಣಿನಿಂದ ಬಯಲನ್ನೆಲ್ಲ ಒಮ್ಮೆ ನೋಡಿ. ಏನಾದರೂ ಅಲುಗುತ್ತಿದ್ದರೆ ಬರಿಗಣ್ಣಿಗೇ ಬೇಗ ಸಿಗುತ್ತದೆ. ಆಮೇಲೆ ಬಯಲನ್ನು ಮನಸ್ಸಿನಲ್ಲೇ ಅಡ್ಡಪಟ್ಟಿಗಳಾಗಿ ಭಾಗ ಮಾಡಿ: ಹತ್ತಿರದ ಹುಲ್ಲು, ನದಿ ದಂಡೆ, ಆಚೆಯ ಬಯಲು, ಮರಗಳ ಅಂಚು, ಬೆಟ್ಟದ ಇಳಿಜಾರು. ಒಂದೊಂದು ಪಟ್ಟಿಯನ್ನೂ ಬೈನಾಕ್ಯುಲರ್‌ನಲ್ಲಿ ಎಡದಿಂದ ಬಲಕ್ಕೆ ಸಾವಕಾಶವಾಗಿ ಓದಿಕೊಂಡು ಹೋಗಿ. ಮುಗಿದ ಮೇಲೆ ಹತ್ತು ನಿಮಿಷ ಬಿಟ್ಟು ಮತ್ತೆ ಮೊದಲಿನಿಂದ. ಮಲಗಿದ್ದ ಪ್ರಾಣಿ ಎದ್ದಿರಬಹುದು, ತಗ್ಗಿನಲ್ಲಿದ್ದದ್ದು ಮೇಲೆ ಬಂದಿರಬಹುದು.

ಹುಡುಕುವಾಗ ಪೂರ್ತಿ ಕರಡಿ, ಪೂರ್ತಿ ತೋಳ ಕಾಣುತ್ತದೆ ಅಂದುಕೊಳ್ಳಬೇಡಿ. ಮರಗಳೆಲ್ಲ ನೆಟ್ಟಗಿರುವಲ್ಲಿ ಒಂದು ಅಡ್ಡಗೆರೆ ಕಂಡರೆ ಅದು ಬೆನ್ನಿರಬಹುದು. ಆಗಲೇ ನೋಡಿದ್ದ "ಬಂಡೆ" ಈಗ ಬೇರೆ ಕಡೆ ಇದ್ದರೆ ಅದು ಬಂಡೆ ಅಲ್ಲ. ಬಯಲು ಮತ್ತು ಕಾಡು ಸೇರುವ ಅಂಚನ್ನು ಎರಡು ಸಲ ನೋಡಿ. ಏನಾದರೂ ಸಿಕ್ಕರೆ ಕಣ್ಣು ಕೀಳಬೇಡಿ. ಪ್ರಾಣಿಯ ಮೇಲೇ ದೃಷ್ಟಿ ಇಟ್ಟು ಬೈನಾಕ್ಯುಲರನ್ನು ಕಣ್ಣಿಗೆ ತನ್ನಿ. ತಲೆ ತಗ್ಗಿಸಿ, ಕೈಯಲ್ಲಿರುವುದನ್ನು ನೋಡಿ, ಮತ್ತೆ ಎತ್ತಿದರೆ ಆ ಜಾಗ ಸಿಗುವುದಿಲ್ಲ.

ಬೇರೆ ಪ್ರಾಣಿಗಳೂ ಸುಳಿವು ಕೊಡುತ್ತವೆ. ಮೇಯುತ್ತಿದ್ದ ಎಲ್ಕ್‌ಗಳೆಲ್ಲ ತಲೆ ಎತ್ತಿ ಒಂದೇ ದಿಕ್ಕಿಗೆ ನೋಡುತ್ತಿದ್ದರೆ ನೀವೂ ಆ ದಿಕ್ಕಿಗೇ ನೋಡಿ. ರೇವನ್ ಎಂಬ ದೊಡ್ಡ ಕಾಗೆಗಳು, ಮ್ಯಾಗ್‌ಪೈ ಹಕ್ಕಿಗಳು, ಹದ್ದುಗಳು ಒಂದೇ ಕಡೆ ಇಳಿಯುತ್ತಿದ್ದರೆ ಅಲ್ಲಿ ಸತ್ತ ಪ್ರಾಣಿ ಇರುವ ಸಾಧ್ಯತೆ ಇದೆ. ರೇವನ್‌ಗಳು ತೋಳಗಳ ಹಿಂದೆಯೇ ಹೋಗುತ್ತವೆ, ಬೇಟೆಯಲ್ಲಿ ಪಾಲು ಸಿಗುತ್ತದೆ ಅಂತ. ಅಂಥ ಜಾಗ ಕಂಡರೆ ನಾನು ಅರ್ಧ ದಿನವಾದರೂ ಅಲ್ಲೇ ಕಾಯುತ್ತೇನೆ. ತೋಳ ತಿಂದು ಹೋದ ಮೇಲೆ ಕರಡಿ ಬರಬಹುದು, ಅದಾದ ಮೇಲೆ ಕೊಯೊಟಿ.

ಕಂಡದ್ದು ಯಾವುದು ಅಂತ ತಿಳಿಯುವಲ್ಲಿ ಗೊಂದಲವಾಗುವುದು ಎರಡು ಕಡೆ.

ಮೊದಲನೆಯದು ತೋಳ ಮತ್ತು ಕೊಯೊಟಿ. ಕೊಯೊಟಿ ನರಿಗಿಂತ ದೊಡ್ಡದು, ತೋಳಕ್ಕಿಂತ ತುಂಬ ಚಿಕ್ಕದು. 11ರಿಂದ 16 ಕಿಲೋ ತೂಗುತ್ತದೆ. ತೋಳ ಅದರ ಮೂರು ಪಟ್ಟಾದರೂ ಇರುತ್ತದೆ. ಕೊಯೊಟಿಯ ಮೂತಿ ಚೂಪು, ಕಿವಿ ಮುಖಕ್ಕೆ ದೊಡ್ಡದೆನಿಸುತ್ತದೆ. ತೋಳದ ಮೂತಿ ಅಗಲ, ಕಾಲು ಉದ್ದ, ಪಾದ ದೊಡ್ಡದು. ಬಣ್ಣ ಪೂರ್ತಿ ಕಪ್ಪಾಗಿದ್ದರೆ ತೋಳ ಅನ್ನಬಹುದು, ಇಲ್ಲಿನ ತೋಳಗಳಲ್ಲಿ ಸುಮಾರು ಅರ್ಧ ಕಪ್ಪು. ರಸ್ತೆ ಪಕ್ಕದ ಹುಲ್ಲಿನಲ್ಲಿ ಒಂಟಿಯಾಗಿ ಇಲಿ ಹಿಡಿಯುತ್ತಿದ್ದರೆ ಬಹುಮಟ್ಟಿಗೆ ಅದು ಕೊಯೊಟಿ. ಅದೂ ನೋಡಲು ಚೆಂದ: ಕಿವಿ ನಿಮಿರಿಸಿ ಕೇಳಿ, ಗಾಳಿಗೆ ಹಾರಿ, ಮೂತಿ ಮುಂದಾಗಿ ಹುಲ್ಲಿಗೆ ಇಳಿಯುತ್ತದೆ. "ತೋಳ ಅಲ್ವಂತೆ" ಅಂತ ಹೊರಟುಬಿಡಬೇಡಿ.

ಎರಡನೆಯದು ಗ್ರಿಜ್ಲಿ ಮತ್ತು ಕಪ್ಪು ಕರಡಿ. ಬಣ್ಣ ನಂಬಬೇಡಿ, ಕಪ್ಪು ಕರಡಿ ಎಂಬ ಜಾತಿಯಲ್ಲಿ ಕಂದು ಬಣ್ಣದವೂ ಇವೆ. ಭುಜ ನೋಡಿ. ಗ್ರಿಜ್ಲಿಗೆ ಭುಜದ ಮೇಲೆ ಸ್ನಾಯುವಿನ ಡುಬ್ಬ ಎದ್ದು ಕಾಣುತ್ತದೆ, ಮುಖ ಹಣೆಯಿಂದ ಮೂಗಿನ ಕಡೆಗೆ ತಗ್ಗಿದಂತಿರುತ್ತದೆ, ಕಿವಿ ಗಿಡ್ಡ ಮತ್ತು ದುಂಡು. ಕಪ್ಪು ಕರಡಿಗೆ ಡುಬ್ಬ ಇಲ್ಲ, ಮುಖ ನೇರ, ಕಿವಿ ಸ್ವಲ್ಪ ಉದ್ದ. ಬಯಲಿನಲ್ಲಿ ನೆಲ ಅಗೆಯುತ್ತಿರುವುದು ಹೆಚ್ಚಾಗಿ ಗ್ರಿಜ್ಲಿ. ಟವರ್ ಜಂಕ್ಷನ್ ಸುತ್ತಮುತ್ತ ಮರಗಳ ಮಧ್ಯೆ ಕಪ್ಪು ಕರಡಿ ಜಾಸ್ತಿ.

ಬಿಳಿ ಪಟ್ಟೆಯ ತೆಳು ಕಂದು ಬಣ್ಣದ, ಜಿಂಕೆಯಂಥ ಪ್ರಾಣಿ ಪ್ರಾಂಗ್‌ಹಾರ್ನ್. ಉತ್ತರ ಅಮೆರಿಕದ ನೆಲದ ಮೇಲೆ ಅದಕ್ಕಿಂತ ವೇಗವಾಗಿ ಓಡುವ ಪ್ರಾಣಿ ಇಲ್ಲ. ಕಡಿದಾದ ಬಂಡೆಗಳ ಮೇಲೆ ನೋಡಿದರೆ ಸುರುಳಿ ಕೊಂಬಿನ ಬಿಗ್‌ಹಾರ್ನ್ ಕುರಿ ಸಿಗಬಹುದು. ಮೂಸ್ ಎಂಬ ಭಾರೀ ಜಿಂಕೆ ಮಾತ್ರ ಇಲ್ಲಿ ಅಪರೂಪ; ಲಮಾರ್ ದಾಟಿ ಈಶಾನ್ಯ ಗೇಟಿನ ಕಡೆ ಹೋಗುವಾಗ ಹೊಳೆ ಪಕ್ಕದ ಪೊದೆಗಳ ಮೇಲೆ ಕಣ್ಣಿಡಿ.

7. ದೂರದ ನಿಯಮ: ಇದರಲ್ಲಿ ರಿಯಾಯಿತಿ ಇಲ್ಲ

ಕರಡಿ, ತೋಳ, ಕೂಗರ್ ಎಂಬ ಬೆಟ್ಟದ ಸಿಂಹ ಇವುಗಳಿಂದ ಕಡೇ ಪಕ್ಷ 100 ಗಜ, ಅಂದರೆ 91 ಮೀಟರ್. ಬೈಸನ್, ಎಲ್ಕ್ ಸೇರಿ ಉಳಿದೆಲ್ಲ ಪ್ರಾಣಿಗಳಿಂದ 25 ಗಜ, ಅಂದರೆ 23 ಮೀಟರ್. ಇದು ಕಾನೂನು. ಪ್ರಾಣಿಯೇ ನಿಮ್ಮ ಕಡೆ ಬಂದರೆ ಹಿಂದೆ ಸರಿಯಬೇಕಾದವರು ನೀವು.

ಅಳೆಯಲು ಒಂದು ಉಪಾಯ ಇದೆ. ಕೈ ನೀಟಾಗಿ ಮುಂದಕ್ಕೆ ಚಾಚಿ, ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಎತ್ತಿ ಹಿಡಿಯಿರಿ. ಬೆರಳಿನ ಹಿಂದೆ ಪ್ರಾಣಿ ಪೂರ್ತಿ ಮರೆಯಾಗದಿದ್ದರೆ ನೀವು ಹತ್ತಿರ ಇದ್ದೀರಿ ಅಂತಲೇ ತಿಳಿದು ಹಿಂದೆ ಹೋಗಿ.

ಜನ ಹೆದರುವುದು ಕರಡಿಗೆ. ಆದರೆ ಯೆಲ್ಲೋಸ್ಟೋನ್‌ನಲ್ಲಿ ಬೇರೆಲ್ಲ ಪ್ರಾಣಿಗಳಿಗಿಂತ ಹೆಚ್ಚು ಜನರನ್ನು ಗಾಯಗೊಳಿಸಿರುವುದು ಬೈಸನ್. ಅದು ಹಸುವಿನ ಹಾಗೆ ಮೇಯುತ್ತಾ ನಿಂತಿರುತ್ತದೆ, ಹತ್ತಿರ ಹೋಗಿ ಫೋಟೋ ತೆಗೆಸಿಕೊಳ್ಳೋಣ ಅನ್ನಿಸುತ್ತದೆ. ದೊಡ್ಡ ಗಂಡು 900 ಕಿಲೋ ತೂಗುತ್ತದೆ, ಗಂಟೆಗೆ 35 ಮೈಲಿ ವೇಗದಲ್ಲಿ ಓಡುತ್ತದೆ. ನಿಮ್ಮಿಂದ ಓಡಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಬಾಲ ಮೇಲಕ್ಕೆ ಎದ್ದಿತು, ತಲೆ ಆಡಿಸುತ್ತಿದೆ, ಕಾಲಿನಿಂದ ನೆಲ ಕೆರೆಯುತ್ತಿದೆ, ಬುಸುಗುಟ್ಟುತ್ತಿದೆ ಅಂದರೆ ತಕ್ಷಣ ದೂರ ಹೋಗಿ. ಸೆಲ್ಫಿಗೆ ಬೆನ್ನು ತಿರುಗಿಸಿ ನಿಲ್ಲುವುದಂತೂ ಬೇಡವೇ ಬೇಡ. ಹಿರಿಯರಿಗೂ ಮಕ್ಕಳಿಗೂ ಇದನ್ನು ಕಾರಿನಲ್ಲೇ ಬಿಡಿಸಿ ಹೇಳಿ.

ಮರಿ ಒಂಟಿಯಾಗಿ ಕಂಡರೂ ಮುಟ್ಟಬೇಡಿ, "ಪಾಪ" ಅಂತ ಸಹಾಯಕ್ಕೂ ಹೋಗಬೇಡಿ. 2023ರ ಮೇ ತಿಂಗಳಲ್ಲಿ ಲಮಾರ್‌ನಲ್ಲೇ ಒಬ್ಬರು ನದಿ ದಾಟಲಾಗದೆ ಹಿಂದೆ ಉಳಿದ ಬೈಸನ್ ಕರುವನ್ನು ಹಿಡಿದು ದಂಡೆ ಹತ್ತಿಸಿದರು. ಹಿಂಡು ಆ ಕರುವನ್ನು ಮತ್ತೆ ಸೇರಿಸಿಕೊಳ್ಳಲಿಲ್ಲ. ಅದು ಕಾರುಗಳ ಹಿಂದೆ, ಜನರ ಹಿಂದೆ ಬರತೊಡಗಿತು. ಕೊನೆಗೆ ಉದ್ಯಾನದವರು ಅದನ್ನು ಕೊಲ್ಲಬೇಕಾಯಿತು. ಎತ್ತಿದವರ ಉದ್ದೇಶ ಒಳ್ಳೆಯದೇ ಇದ್ದಿರಬಹುದು, ಪ್ರಾಣ ಹೋದದ್ದು ಕರುವಿನದು. ಹುಲ್ಲಿನಲ್ಲಿ ಅಲುಗದೆ ಮಲಗಿದ ಎಲ್ಕ್ ಮರಿಯೂ ಅನಾಥ ಅಲ್ಲ, ತಾಯಿ ಬಚ್ಚಿಟ್ಟು ಮೇಯಲು ಹೋಗಿರುತ್ತಾಳೆ. ಹತ್ತಿರ ಬಂದವರ ಮೇಲೆ ಅವಳು ಎರಗುತ್ತಾಳೆ.

ತಿಂಡಿ ಹಾಕಬೇಡಿ, ಅಳಿಲಿಗೂ ಹಕ್ಕಿಗೂ. ಬುಟ್ಟಿಯನ್ನು ಮೇಜಿನ ಮೇಲೆ ಬಿಟ್ಟು ಪಕ್ಕಕ್ಕೂ ಹೋಗಬೇಡಿ. ಮನುಷ್ಯರ ಊಟದ ರುಚಿ ಹತ್ತಿದ ಕರಡಿ ಜನರ ಹತ್ತಿರ ಬರಲು ಕಲಿಯುತ್ತದೆ, ಅಂಥದ್ದನ್ನು ಎಷ್ಟೋ ಸಲ ಕೊಲ್ಲಬೇಕಾಗುತ್ತದೆ. ತೋಳದಂತೆ ಊಳಿಟ್ಟು ಕರೆಯುವುದು, ರಾತ್ರಿ ಟಾರ್ಚ್ ಬಿಟ್ಟು ಪ್ರಾಣಿ ಹುಡುಕುವುದು, ಡ್ರೋನ್ ಹಾರಿಸುವುದು, ಇವೆಲ್ಲ ಇಲ್ಲಿ ನಿಷೇಧ.

ಬೇರ್ ಜಾಮ್ ಅಂದರೆ ಕರಡಿ ಕಂಡು ರಸ್ತೆಯಲ್ಲಿ ಕಾರುಗಳು ಗುಂಪುಗೂಡುವುದು. ಅಲ್ಲಿ ರಸ್ತೆ ಮಧ್ಯೆ ಕಾರು ಬಿಟ್ಟು, ಬಾಗಿಲು ತೆರೆದೇ ಓಡುವವರನ್ನು ನೋಡುತ್ತೀರಿ. ನೀವು ಹಾಗೆ ಮಾಡಬೇಡಿ. ನಿಲ್ಲಿಸಲು ಜಾಗ ಇದ್ದರೆ ನಿಲ್ಲಿಸಿ. ಇಲ್ಲದಿದ್ದರೆ ಮುಂದೆ ಹೋಗಿ, ಮುಂದಿನ ಪುಲ್‌ಔಟ್‌ನಿಂದ ನೋಡಿ. ಬೈಸನ್ ಹಿಂಡು ರಸ್ತೆಗೆ ಬಂದರೆ ಕಾರಿನೊಳಗೇ ಇರಿ, ಹಾರ್ನ್ ಹೊಡೆಯಬೇಡಿ. ಅವು ಹೋಗುವ ತನಕ ನಿಮಗೇನೂ ಕೆಲಸ ಇಲ್ಲ, ಗಾಜಿನ ಆಚೆಯೇ ಇರುವ ಆ ದೊಡ್ಡ ತಲೆಯನ್ನು ಮನಸಾರೆ ನೋಡಿ.

8. ಹತ್ತು ಗಂಟೆಯಿಂದ ನಾಲ್ಕರವರೆಗೆ

ಈ ಹೊತ್ತಿನಲ್ಲಿ ಹಟ ಹಿಡಿದು ಹುಡುಕುವುದು ದಣಿವಿಗೆ ದಾರಿ. ಊಟ ಮಾಡಿ, ಕಾರಿನಲ್ಲೇ ಒಂದು ನಿದ್ದೆ ತೆಗೆಯಿರಿ. ಹಕ್ಕಿ ಇಷ್ಟಪಡುವವರು ಕ್ಯಾನ್ಯನ್ ಕಡೆ ಹೋಗಿ. ಹಳದಿ ಕಲ್ಲಿನ ಆಳ ಕಂದರದಲ್ಲಿ ಆಸ್‌ಪ್ರೇ ಎಂಬ ಮೀನು ಹಿಡಿಯುವ ಹದ್ದುಗಳು ಗೂಡು ಕಟ್ಟುತ್ತವೆ, ಅಂಚಿನ ವೀಕ್ಷಣಾ ಕಟ್ಟೆಗಳಿಂದ ಗೂಡಿನೊಳಗೇ ಕಾಣುತ್ತದೆ. ಟವರ್‌ನಿಂದ ಅಲ್ಲಿಗೆ 19 ಮೈಲಿ, 2,700 ಮೀಟರ್ ಎತ್ತರದ ಡನ್‌ರೇವನ್ ಪಾಸ್ ದಾಟಿ ಹೋಗಬೇಕು. ಆ ಘಟ್ಟದ ರಸ್ತೆ ಸಾಮಾನ್ಯವಾಗಿ ಮೇ ಕೊನೆಗೆ ತೆರೆಯುತ್ತದೆ.

ನಡೆಯಲು ಹೊರಟರೆ ಮೂವರಿಗಿಂತ ಕಡಿಮೆ ಜನ ಹೋಗಬೇಡಿ, ಮಾತಾಡಿಕೊಂಡು ಹೋಗಿ. ಕರಡಿಗೆ ನೀವು ಬರುವುದು ಮುಂಚೆಯೇ ಗೊತ್ತಾಗಬೇಕು, ತಿರುವಿನಲ್ಲಿ ಅಚಾನಕ್ಕಾಗಿ ಎದುರಾಗಬಾರದು. ಎದುರಾದರೆ ಓಡಬೇಡಿ. ಅದರ ಕಡೆ ಮುಖ ಇಟ್ಟುಕೊಂಡೇ ನಿಧಾನ ಹಿಂದೆ ಸರಿಯಿರಿ. ಅದು ನುಗ್ಗಿ ಬಂದರೆ ಸ್ಪ್ರೇ ಹೊಡೆಯಿರಿ. ಕ್ಲಿಪ್ ತೆಗೆಯುವುದು ಹೇಗೆ ಅಂತ ಅಂಗಡಿಯಲ್ಲೇ ಕೇಳಿ, ಕೈಗೆ ರೂಢಿ ಮಾಡಿಕೊಂಡಿರಿ.

9. ಸಂಜೆ

ಐದು ಗಂಟೆ ಹೊತ್ತಿಗೆ ಮತ್ತೆ ಅದೇ ಕಣಿವೆಗೆ, ಅದೂ ಅದೇ ಪುಲ್‌ಔಟ್‌ಗೆ. ಹೊಸ ಜಾಗ ಹುಡುಕುವ ಆಸೆ ಬರುತ್ತದೆ, ಬೇಡ. ಬೆಳಿಗ್ಗೆ ನೋಡಿದ ಬಂಡೆ, ಮರ, ತಗ್ಗು ಎಲ್ಲ ನಿಮಗೀಗ ಗೊತ್ತು. ಹೊಸದಾಗಿ ಏನು ಬಂದಿದೆ ಅಂತ ಕಣ್ಣು ತಾನಾಗಿ ಗುರುತಿಸುತ್ತದೆ. ಬೆಳಿಗ್ಗೆ ತೋಳಗಳು ಮರಗಳ ಅಂಚಿನಲ್ಲಿ ಮಲಗಿದ್ದರೆ, ಸಂಜೆ ಏಳುವುದೂ ಅಲ್ಲಿಂದಲೇ ಇರಬಹುದು. ಜೂನ್‌ನಲ್ಲಿ ರಾತ್ರಿ 9 ಗಂಟೆಯವರೆಗೂ ಬೆಳಕಿರುತ್ತದೆ, ಹಾಗಾಗಿ ಮಕ್ಕಳ ಊಟ ಮುಗಿಸಿಕೊಂಡೇ ಬನ್ನಿ.

ಕತ್ತಲಾದ ಮೇಲೆ ವಾಪಸ್ ಹೋಗುವಾಗ 45 ಮೈಲಿಗಿಂತ ಸಾಕಷ್ಟು ಕೆಳಗಿರಲಿ ವೇಗ. ಚಾಲಕರ ಪಕ್ಕ ಕೂತವರು ನಿದ್ದೆ ಮಾಡದೆ ರಸ್ತೆಯ ಎರಡೂ ಬದಿ ನೋಡುತ್ತಿರಿ. ಒಂದು ಎಲ್ಕ್ ದಾಟಿತು ಅಂದರೆ ಹಿಂದೆ ಇನ್ನೊಂದು ಇರುತ್ತದೆ ಅಂತಲೇ ಅಂದುಕೊಂಡು ಸ್ವಲ್ಪ ಹೊತ್ತು ನಿಲ್ಲಿ. ಇನ್ನೂ ಒಂದು ದಿನ ಬಿಡುವಿದ್ದರೆ, ಅವತ್ತು ಕಂಡ ಪ್ರಾಣಿ, ಹೊತ್ತು, ಜಾಗ ಮೂರನ್ನೂ ಮಲಗುವ ಮುಂಚೆ ಬರೆದಿಡಿ. ಮರುದಿನ ಬೆಳಿಗ್ಗೆ ಎಲ್ಲಿ ನಿಲ್ಲಬೇಕು ಅನ್ನುವುದು ಆ ಹಾಳೆಯಲ್ಲೇ ಸಿಗುತ್ತದೆ.